ಪದಚರ್ಚೆ: ಕಾರು ವಿಮೆಯ ಸಂದರ್ಭದಲ್ಲಿ ‘ಕಂತು’, ‘ದರ’, ‘ಮಾಲೀಕ-ಚಾಲಕ’ ಪದಗಳ ಅರ್ಥ ಮತ್ತು ಬಳಕೆ

ಬಳಗದ ಎಲ್ಲರಿಗೂ ನಮಸ್ಕಾರ.

ಕಾರಿನ ವಿಮೆಯನ್ನು ಕುರಿತು ಸಾಮಾನ್ಯ ಓದುಗರಿಗಾಗಿ ಒಂದು ಚಿಕ್ಕ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಒಂದೇ ಬೀದಿಯ ಇಬ್ಬರು ಒಂದೇ ಮಾದರಿಯ ಕಾರಿಗೆ ಬೇರೆ ಬೇರೆ ಮೊತ್ತ ಕಟ್ಟುವುದೇಕೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಅದರ ಮುಖ್ಯ ಉದ್ದೇಶ. ಬರೆಯುತ್ತ ಹೋದಂತೆ, ಈ ವಿಷಯದಲ್ಲಿ ನಾವು ರೂಢಿಯಿಂದ ಬಳಸುವ ಕೆಲವು ಪದಗಳೇ ಆ ಉತ್ತರವನ್ನು ಓದುಗರಿಂದ ಮರೆಮಾಡುತ್ತಿವೆ ಎಂದು ಬಲವಾಗಿ ಅನ್ನಿಸಿದೆ. ಅವುಗಳಲ್ಲಿ ಮೊದಲನೆಯದು ‘ಕಂತು’. ಅದನ್ನು ಇಲ್ಲಿ ವಿವರವಾಗಿ ಎತ್ತುತ್ತಿದ್ದೇನೆ. ಜೊತೆಗೆ ‘ಮಾಲೀಕ-ಚಾಲಕ’ ಎಂಬ ಸಮಾಸವನ್ನೂ, ಇನ್ನೊಂದೆರಡು ಪದಗಳನ್ನೂ ತಮ್ಮ ಮುಂದಿಡುತ್ತೇನೆ.

‘ಕಂತು’ ಎಂದರೆ ಒಟ್ಟು ಮೊತ್ತವೊಂದನ್ನು ಭಾಗ ಮಾಡಿ ಅವಧಿಗೊಮ್ಮೆ ಕಟ್ಟುವ ಪಾಲು. ಸಾಲದ ಕಂತು, ಚೀಟಿಯ ಕಂತು, ನಿವೇಶನದ ಕಂತು ಎನ್ನುವಾಗ ಈ ಅರ್ಥ ಸ್ಪಷ್ಟ. ಜೀವ ವಿಮೆಗೂ ಇದು ಚೆನ್ನಾಗಿಯೇ ಹೊಂದುತ್ತದೆ. ಇಪ್ಪತ್ತು ವರ್ಷದ ಪಾಲಿಸಿಗೆ ಪ್ರತಿವರ್ಷ ಇಷ್ಟು ಎಂದು ಮೊದಲೇ ನಿಗದಿಯಾಗಿರುತ್ತದೆ. ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಪಾಲಿಸಿಯಿರುವ ನೌಕರರ ಸಂಬಳದಲ್ಲಿ ತಿಂಗಳು ತಿಂಗಳು ಕಡಿತವಾಗುವ ಹಣವನ್ನು ಕಂತು ಎನ್ನುವುದರಲ್ಲಿ ಯಾವ ತೊಡಕೂ ಇಲ್ಲ. ಕಾರಿನ ವಿಮೆಯ ಸ್ವರೂಪ ಬೇರೆ. ಸಾಮಾನ್ಯವಾಗಿ ಅದು ಒಂದು ವರ್ಷದ ಒಪ್ಪಂದ, ಹಣ ಕಟ್ಟುವುದು ಒಂದೇ ಬಾರಿ, ವರ್ಷ ಮುಗಿದೊಡನೆ ಒಪ್ಪಂದವೂ ಮುಗಿಯುತ್ತದೆ. ಮರುವರ್ಷ ಕಟ್ಟುವ ಹಣಕ್ಕೆ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ‘ಹತ್ತು ವರ್ಷ ಕಂತು ಕಟ್ಟಿದೆ, ಒಂದು ಪೈಸೆಯೂ ವಾಪಸು ಬರಲಿಲ್ಲ’ ಎಂದು ಅನೇಕರು ನೊಂದು ಹೇಳುವುದುಂಟು. ಆ ಮಾತು ‘ಕಂತು’ ಪದದಿಂದಲೇ ಹುಟ್ಟಿದ ನಿರೀಕ್ಷೆ ಎಂದು ನಾನು ಭಾವಿಸುತ್ತೇನೆ. ಕಂತು ಎಂದ ಮೇಲೆ ಅದು ಎಲ್ಲೋ ಕೂಡಿಕೊಳ್ಳುತ್ತಿರಬೇಕು ಎಂದು ಕನ್ನಡದ ಕಿವಿ ಸಹಜವಾಗಿ ತಿಳಿಯುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನಾವು ಒಂದೇ ಪದದಿಂದ ಕರೆಯುವ ಈ ಮೊತ್ತದೊಳಗೆ ಸ್ವಭಾವದಲ್ಲಿಯೇ ಬೇರೆಯಾದ ಎರಡು ಭಾಗಗಳಿವೆ, ಮತ್ತು ಕಾರಿನಿಂದ ಕಾರಿಗೆ ಏಕೆ ವ್ಯತ್ಯಾಸ ಎಂಬ ಪ್ರಶ್ನೆಗೆ ಎರಡೂ ಭಾಗಗಳು ಬೇರೆ ಬೇರೆ ಉತ್ತರ ಕೊಡುತ್ತವೆ.

ಮೊದಲ ಭಾಗ, ನಮ್ಮ ವಾಹನದಿಂದ ಇತರರಿಗೆ ಆಗುವ ಹಾನಿಗೆ ಸಂಬಂಧಿಸಿದ್ದು. ಎಲ್ಲರ ಬಾಯಲ್ಲೂ ಇದು ‘ಥರ್ಡ್ ಪಾರ್ಟಿ’. 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮಿನ ಪ್ರಕಾರ ಇದಿಲ್ಲದೆ ವಾಹನವನ್ನು ರಸ್ತೆಗೆ ಇಳಿಸುವಂತಿಲ್ಲ. ಇದರ ಮೊತ್ತವನ್ನು ಕಂಪನಿ ನಿರ್ಧರಿಸುವುದಿಲ್ಲ, ಸರ್ಕಾರ ಪ್ರಕಟಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1,000ಕ್ಕಿಂತ ಹೆಚ್ಚಿದ್ದು 1,500 ಸಿಸಿ ಮೀರದ ಕಾರಿಗೆ 3,416 ರೂಪಾಯಿ, ಅದಕ್ಕೂ ದೊಡ್ಡ ಎಂಜಿನ್ನಿಗೆ 7,897 ರೂಪಾಯಿ ಎಂದಿದೆ. ಬ್ಯಾಟರಿ ಕಾರುಗಳಿಗೆ ಸಿಸಿಯ ಬದಲು ಕಿಲೋವ್ಯಾಟ್ ಅಳತೆ ಇದ್ದು, ಮೊತ್ತದಲ್ಲಿ ಶೇ. 15ರ ರಿಯಾಯಿತಿ ಇದೆ. ಇಲ್ಲಿ ಕಾರಿನ ಬೆಲೆ, ಅದರ ವಯಸ್ಸು, ನೋಂದಣಿಯಾದ ಊರು, ಮಾಲೀಕನ ಹಿಂದಿನ ಅಪಘಾತಗಳು, ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಇದು ನ್ಯಾಯವೂ ಹೌದು. ಅಪಘಾತದಲ್ಲಿ ಒಬ್ಬರು ತೀರಿಕೊಂಡರೆ ನ್ಯಾಯಮಂಡಳಿ ಕೊಡಿಸುವ ಪರಿಹಾರವು ಅವರ ವಯಸ್ಸು, ಆದಾಯ, ಅವಲಂಬಿತರು ಇವುಗಳನ್ನು ನೋಡಿ ನಿಲ್ಲುವಂಥದ್ದು. ಡಿಕ್ಕಿ ಹೊಡೆದ ಕಾರು ಹೊಸದೋ ಹಳೆಯದೋ ಎಂಬುದಕ್ಕೂ ಆ ಮೊತ್ತಕ್ಕೂ ಸಂಬಂಧವಿಲ್ಲ.

ಎರಡನೆಯ ಭಾಗ ನಮ್ಮ ಸ್ವಂತ ಕಾರಿಗೆ ಆಗುವ ನಷ್ಟದ್ದು. ಊರುಗಳಲ್ಲಿ ಇದನ್ನು ಸೇರಿಸಿದ ಪಾಲಿಸಿಗೆ ‘ಫುಲ್ ಇನ್ಶೂರೆನ್ಸ್’ ಅಥವಾ ‘ಫಸ್ಟ್ ಪಾರ್ಟಿ’ ಎನ್ನುತ್ತಾರೆ. ಈ ಭಾಗಕ್ಕೆ ಮೊದಲು ಇಡೀ ದೇಶಕ್ಕೆ ಒಂದೇ ದರಪಟ್ಟಿ ಇತ್ತು. 2007ರ ಜನವರಿ 1ರಿಂದ ಕಂಪನಿಗಳು ತಮ್ಮ ದರಗಳನ್ನು ತಾವೇ ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯ ಪಡೆದವು. ಆದರೂ ಹಳೆಯ ಪಟ್ಟಿಯ ಚೌಕಟ್ಟನ್ನು ತಿಳಿಯದೆ ಇಂದಿನ ವ್ಯತ್ಯಾಸಗಳು ಅರ್ಥವಾಗುವುದಿಲ್ಲ. ಕಾರಿನ ಮೌಲ್ಯ, ಎಂಜಿನ್ನಿನ ಸಿಸಿ, ಕಾರಿನ ವಯಸ್ಸು ಮತ್ತು ನೋಂದಣಿಯಾದ ಕಚೇರಿ ಇರುವ ಊರು, ಈ ನಾಲ್ಕನ್ನು ಅದು ನೋಡುತ್ತಿತ್ತು. ಖಾಸಗಿ ಕಾರುಗಳಿಗೆ ಬೆಂಗಳೂರು, ಮುಂಬಯಿ, ಚೆನ್ನೈ, ಹೈದರಾಬಾದು ಮೊದಲಾದ ಎಂಟು ಮಹಾನಗರಗಳು ‘ಎ’ ವಲಯ, ಉಳಿದ ದೇಶವೆಲ್ಲ ‘ಬಿ’ ವಲಯ.

ಒಂದು ಲೆಕ್ಕ ಮಾಡಿ ನೋಡೋಣ. ಏಳೂವರೆ ಲಕ್ಷ ಬೆಲೆಯ, 1,200 ಸಿಸಿ ಆಸುಪಾಸಿನ, ಒಂದು ವರ್ಷ ತುಂಬಿ ಎರಡು ವರ್ಷ ತುಂಬದ ಕಾರು ಎಂದುಕೊಳ್ಳಿ. ನಿಗದಿಯಾದ ಶೇ. 20ರ ಸವಕಳಿ ಕಳೆದು ಅದರ ಮೌಲ್ಯ ಆರು ಲಕ್ಷ. ಬೆಂಗಳೂರಿನಲ್ಲಿ ನೋಂದಣಿಯಾಗಿದ್ದರೆ ಹಳೆಯ ಪಟ್ಟಿಯ ದರ ಶೇ. 3.283, ಅಂದರೆ 19,698 ರೂಪಾಯಿ. ಅದೇ ಕಾರು ಮೈಸೂರಿನಲ್ಲಿ ನೋಂದಣಿಯಾಗಿದ್ದರೆ ದರ ಶೇ. 3.191, ಮೊತ್ತ 19,146 ರೂಪಾಯಿ. ಈ ಮೊತ್ತದ ಮೇಲೆ ಇಂದಿನ ಕಂಪನಿಗಳು ತಮ್ಮ ತಮ್ಮ ಅನುಭವ ನೋಡಿಕೊಂಡು ರಿಯಾಯಿತಿ ಕೊಡುತ್ತವೆ. ಯಾವ ಮಾದರಿಯ ಬಿಡಿಭಾಗ ದುಬಾರಿ, ಯಾವುದು ಹೆಚ್ಚು ಕಳವಾಗುತ್ತದೆ, ಯಾವುದರ ಕ್ಲೇಮುಗಳು (ನಷ್ಟ ತುಂಬಿಕೊಡಬೇಕೆಂಬ ಬೇಡಿಕೆಗಳು) ಹೆಚ್ಚು ಎಂಬ ಲೆಕ್ಕ ಅವರ ಬಳಿ ಇರುತ್ತದೆ. ಕಳೆದ ವರ್ಷಗಳಲ್ಲಿ ಕ್ಲೇಮು ಮಾಡದ ಮಾಲೀಕನಿಗೆ ಮೊದಲ ವರ್ಷಕ್ಕೆ ಶೇ. 20ರಿಂದ ಆರಂಭವಾಗಿ 25, 35, 45, ಕೊನೆಗೆ 50ರವರೆಗೆ ಕಡಿತ ಸಿಗುತ್ತದೆ. ಒಂದೇ ಬೀದಿಯ ಇಬ್ಬರ ನಡುವಿನ ಅಂತರ ಬಹುಪಾಲು ಹುಟ್ಟುವುದು ಇಲ್ಲಿಂದಲೇ. ಊರಿನ ವ್ಯತ್ಯಾಸ ಐದಾರು ನೂರು ರೂಪಾಯಿಯಾದರೆ, ಕ್ಲೇಮಿನ ಚರಿತ್ರೆಯ ವ್ಯತ್ಯಾಸ ಈ ಭಾಗದ ಅರ್ಧದಷ್ಟಾಗಬಲ್ಲದು.

ಹೀಗಿರುವಾಗ ಎರಡೂ ಭಾಗಗಳನ್ನು ‘ಕಂತು’ ಎಂಬ ಒಂದೇ ಪದದಲ್ಲಿ ಹೇಳಿದರೆ ಓದುಗರಿಗೆ ಏನು ಉಳಿಯುತ್ತದೆ? ನನ್ನ ಸದ್ಯದ ಆಲೋಚನೆ ಹೀಗಿದೆ. ಸರ್ಕಾರ ಗೊತ್ತುಮಾಡಿದ, ಎಲ್ಲರಿಗೂ ಸಮಾನವಾದ ಮೊದಲ ಭಾಗಕ್ಕೆ ‘ವಿಮಾ ಶುಲ್ಕ’ ಎನ್ನಬಹುದು. ನಿಗದಿಯಾದದ್ದು, ಚೌಕಾಸಿಗೆ ಎಡೆಯಿಲ್ಲದ್ದು ಎಂಬ ಛಾಯೆ ‘ಶುಲ್ಕ’ದಲ್ಲಿ ಈಗಾಗಲೇ ಇದೆ. ಲೆಕ್ಕ ಹಾಕಿ ಬರುವ ಎರಡನೆಯ ಭಾಗಕ್ಕೆ ‘ವಿಮೆಯ ಬೆಲೆ’ ಎನ್ನಬಹುದೇ ಎಂದು ಯೋಚಿಸುತ್ತಿದ್ದೇನೆ. ‘ದರ’ ಎಂಬುದನ್ನು ಶೇಕಡಾವಾರು ಪ್ರಮಾಣಕ್ಕೆ ಮಾತ್ರ ಮೀಸಲಿಡಬೇಕು. ಪತ್ರಿಕೆಗಳಲ್ಲಿ ‘ವಿಮಾ ದರ ಏರಿಕೆ’ ಎಂಬ ತಲೆಬರಹದ ಕೆಳಗೆ ಒಮ್ಮೆ ಶುಲ್ಕದ ಸುದ್ದಿ, ಒಮ್ಮೆ ಶೇಕಡಾವಾರಿನ ಸುದ್ದಿ ಬರುವುದರಿಂದ ಈ ಪದ ಸಡಿಲವಾಗಿದೆ. ಕಾರು ಹಳೆಯದಾದಂತೆ ದರ ಹೆಚ್ಚುತ್ತದೆ, ಆದರೆ ಮೌಲ್ಯ ಅದಕ್ಕಿಂತ ವೇಗವಾಗಿ ಇಳಿಯುವುದರಿಂದ ಕಟ್ಟುವ ಮೊತ್ತ ಕಡಿಮೆಯಾಗುತ್ತದೆ ಎಂಬ ಸರಳ ಸಂಗತಿಯನ್ನು, ದರವನ್ನೂ ಮೊತ್ತವನ್ನೂ ಬೇರ್ಪಡಿಸದೆ ಕನ್ನಡದಲ್ಲಿ ಹೇಳಲು ಸಾಧ್ಯವೇ ಇಲ್ಲ. ಎರಡೂ ಕೂಡಿದ ಒಟ್ಟಿಗೆ ‘ಪ್ರೀಮಿಯಂ’ ಎಂಬ ಬಳಕೆಯ ಪದವನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಹಳ್ಳಿಯಲ್ಲಿಯೂ ಅದು ತಿಳಿದ ಪದ.

ಬೆಳೆ ವಿಮೆಯಲ್ಲಿಯೂ ಇದೇ ಸಮಸ್ಯೆ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆಗಳಿಗೆ ರೈತರು ವಿಮೆ ಮಾಡಿಸಿದ ಮೊತ್ತದ ಹೆಚ್ಚೆಂದರೆ ಶೇ. 2ರಷ್ಟು ಕಟ್ಟುತ್ತಾರೆ, ನಿಜವಾದ ಪ್ರೀಮಿಯಂ ಬೆಳೆಯಿಂದ ಬೆಳೆಗೆ, ಜಿಲ್ಲೆಯಿಂದ ಜಿಲ್ಲೆಗೆ ಬೇರೆಯಾಗಿದ್ದು, ಉಳಿದದ್ದನ್ನು ಸರ್ಕಾರಗಳು ಭರಿಸುತ್ತವೆ. ಅಲ್ಲಿ ರೈತರ ಪಾಲನ್ನು ‘ವಂತಿಗೆ’ ಎನ್ನುವವರಿದ್ದಾರೆ, ಅದು ಸೊಗಸಾದ ಬಳಕೆ. ‘ಕಂತು’ ಎಂದಾಗ ಈ ಎರಡು ಪಾಲಿನ ವಿಚಾರವೇ ಮರೆಯಾಗುತ್ತದೆ.

‘ಸವಕಳಿ’ಯ ಬಗ್ಗೆ ಒಂದು ಮಾತು. ಪದ ಅಚ್ಚುಕಟ್ಟಾಗಿದೆ, ಅದನ್ನು ಬಿಡಬಾರದು. ಆದರೆ ಅದು ಎರಡು ಕಡೆ ಬರುತ್ತದೆ. ಪ್ರತಿವರ್ಷ ಇಡೀ ಕಾರಿನ ಮೌಲ್ಯದಲ್ಲಿ ಕಳೆಯುವ ಸವಕಳಿ ಒಂದು. ಕ್ಲೇಮಿನ ಸಮಯದಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರಿನ ಭಾಗಗಳ ಬೆಲೆಯಲ್ಲಿ ಶೇ. 50ರಷ್ಟು ಕಳೆಯುವ ಸವಕಳಿ ಇನ್ನೊಂದು. ‘ಬಂಪರ್ ಟು ಬಂಪರ್’ ಎಂದು ಷೋರೂಮಿನಲ್ಲಿ ಹೆಚ್ಚುವರಿ ಹಣಕ್ಕೆ ಕೊಡುವ ರಕ್ಷಣೆ ಎರಡನೆಯದನ್ನು ಮಾತ್ರ ತಪ್ಪಿಸುತ್ತದೆ. ‘ಶೂನ್ಯ ಸವಕಳಿ’ ಎಂದು ಬರೆದರೆ ಕಾರಿನ ಮೌಲ್ಯವೇ ಇಳಿಯುವುದಿಲ್ಲವೆಂದು ಓದುಗರು ತಿಳಿಯುವ ಅಪಾಯವಿದೆ. ‘ಬಿಡಿಭಾಗದ ಸವಕಳಿ’, ‘ಮೌಲ್ಯದ ಸವಕಳಿ’ ಎಂದು ವಿಶೇಷಣ ಸೇರಿಸಿ ಬರೆಯುವುದು ಸಾಕೆಂದು ನನ್ನ ಅಭಿಪ್ರಾಯ.

ಇನ್ನು ಚಾಲಕನ ವಿಚಾರ. ಕಾರು ವಿಮೆಯನ್ನು ಕುರಿತ ಕನ್ನಡ ಬರಹಗಳಲ್ಲಿ ‘ಚಾಲಕನ ವಯಸ್ಸು, ಲಿಂಗ, ಅನುಭವಗಳ ಮೇಲೆ ಪ್ರೀಮಿಯಂ ನಿರ್ಧಾರವಾಗುತ್ತದೆ’ ಎಂಬ ವಾಕ್ಯ ಪದೇ ಪದೇ ಕಾಣುತ್ತದೆ. ಭಾರತದ ಮಟ್ಟಿಗೆ ಇದು ದಾರಿತಪ್ಪಿಸುವ ವಾಕ್ಯ. ನಮ್ಮ ದರಪಟ್ಟಿ ನೋಡುವುದು ವಾಹನವನ್ನು ಮತ್ತು ಮಾಲೀಕನ ಕ್ಲೇಮುಗಳ ಚರಿತ್ರೆಯನ್ನು. ತಂದೆಯ ಹೆಸರಿನ ಕಾರನ್ನು ಮೊನ್ನೆಯಷ್ಟೇ ಲೈಸೆನ್ಸು ಪಡೆದ ಮಗಳು ಓಡಿಸಿದರೂ, ಮೂವತ್ತು ವರ್ಷದ ಅನುಭವವಿರುವ ತಂದೆ ಓಡಿಸಿದರೂ ಮೊತ್ತ ಅದೇ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಕಾರು ಓಡಿಸುವವರ ಹೆಸರುಗಳನ್ನು ಪಾಲಿಸಿಯಲ್ಲಿ ಕಾಣಿಸಬೇಕು, ಅವರ ವಯಸ್ಸು ಮೊತ್ತವನ್ನು ಗಣನೀಯವಾಗಿ ಏರಿಳಿಸುತ್ತದೆ. ಲಿಂಗವನ್ನು ಮಾತ್ರ ಯುರೋಪಿನ ನ್ಯಾಯಾಲಯದ 2011ರ ತೀರ್ಪಿನ ಫಲವಾಗಿ 2012ರ ಡಿಸೆಂಬರ್ 21ರಿಂದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಮತದಾರರು ಅಂಗೀಕರಿಸಿದ ಕಾನೂನಿನಂತೆ ಚಾಲಕನ ಸುರಕ್ಷತಾ ದಾಖಲೆ, ವರ್ಷಕ್ಕೆ ಓಡಿಸುವ ಮೈಲಿಗಳು, ಚಾಲನೆಯ ಅನುಭವದ ವರ್ಷಗಳು, ಈ ಮೂರಕ್ಕೆ ಇದೇ ಕ್ರಮದಲ್ಲಿ ಆದ್ಯತೆ. ಅಲ್ಲಿರುವ ಕನ್ನಡಿಗರಿಗಾಗಿ ಬರೆಯುವಾಗ ‘ಚಾಲಕ’ ಎಂಬುದು ಸರಿಯಾದ ಪದ; ಅದೇ ಬರಹವನ್ನು ಹಾಸನದ ಓದುಗರ ಮುಂದೆ ಇಟ್ಟಾಗ ತಪ್ಪು ಮಾಹಿತಿಯಾಗುತ್ತದೆ. ಓಡಿಸಿದಷ್ಟು ದೂರಕ್ಕೆ, ಓಡಿಸುವ ರೀತಿಗೆ ತಕ್ಕಂತೆ ಹಣ ಪಡೆಯುವ ಯೋಜನೆಗಳಿಗೆ ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈಯಲ್ಲಿ ಅವಕಾಶ ಕೊಟ್ಟಿದೆ. ಅವು ಸ್ವಂತ ನಷ್ಟದ ಭಾಗಕ್ಕೆ ಮಾತ್ರ ಅನ್ವಯಿಸುವ ಐಚ್ಛಿಕ ಸೌಲಭ್ಯಗಳು ಎಂಬುದನ್ನು ಹೇಳಿಯೇ ಬರೆಯಬೇಕು.

ನಮ್ಮ ಪಾಲಿಸಿಯಲ್ಲಿ ಚಾಲಕ ಎದ್ದು ಕಾಣುವ ಒಂದು ಸ್ಥಳವೆಂದರೆ ‘ಮಾಲೀಕ-ಚಾಲಕ’ನಿಗೆ ಇರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ. ಈ ಸಮಾಸದ ವಿಗ್ರಹ ಹೇಗೆ? ‘ಮಾಲೀಕನೂ ಚಾಲಕನೂ’ ಎಂದು ದ್ವಂದ್ವವಾಗಿ ಓದಿದರೆ, ಸಂಬಳಕ್ಕೆ ಇಟ್ಟುಕೊಂಡ ಚಾಲಕನಿಗೂ ಈ ರಕ್ಷಣೆ ಉಂಟೆಂದು ಆಗುತ್ತದೆ. ಉದ್ದೇಶಿತ ಅರ್ಥ ‘ಮಾಲೀಕನೇ ಆಗಿರುವ ಚಾಲಕ’ ಎಂಬ ಕರ್ಮಧಾರಯ. ಅವರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸೂ ಇರಬೇಕು. ಸಂಬಳದ ಚಾಲಕನ ವಿಷಯ ಪಾಲಿಸಿಯ ಬೇರೆ ಷರತ್ತಿಗೆ ಸೇರಿದ್ದು. ಕನ್ನಡದಲ್ಲಿ ಜೋಡಿಗೆರೆ ಹಾಕಿದ ಎರಡು ನಾಮಪದಗಳನ್ನು ತಂದೆ-ತಾಯಿ, ಅಣ್ಣ-ತಮ್ಮ ಎಂಬಂತೆ ದ್ವಂದ್ವವಾಗಿ ಓದುವುದೇ ನಮ್ಮ ಅಭ್ಯಾಸವಾದ್ದರಿಂದ ತಪ್ಪು ತಿಳಿವಳಿಕೆ ಬಹಳ ಸುಲಭ, ಮತ್ತು ಅದರ ಫಲವನ್ನು ಉಣ್ಣಬೇಕಾದದ್ದು ಒಬ್ಬ ಚಾಲಕನ ಕುಟುಂಬ. ‘ಸ್ವತಃ ಚಾಲಕನಾದ ಮಾಲೀಕ’ ಎಂದು ಬಿಡಿಸಿ ಬರೆಯಬೇಕೆಂಬುದು ನನ್ನ ಸೂಚನೆ.

ಕ್ಲೇಮು ಮಾಡದವರಿಗೆ ಸಿಗುವ ಕಡಿತಕ್ಕೆ ‘ಬೋನಸ್’ ಎಂಬ ಹೆಸರು ನಿಂತುಹೋಗಿದೆ. ಕೈಗೆ ಹಣ ಬರುವುದಿಲ್ಲವಾದ್ದರಿಂದ ‘ರಿಯಾಯಿತಿ’ಯೇ ಸರಿ. ಅದು ಕಾರಿಗೆ ಸೇರಿದ್ದಲ್ಲ, ವ್ಯಕ್ತಿಗೆ ಸೇರಿದ್ದು. ಕಾರು ಮಾರಿದವರು ಅದನ್ನು ತಮ್ಮ ಹೊಸ ಕಾರಿಗೆ ಒಯ್ಯಬಹುದು, ಹಳೆಯ ಕಾರು ಕೊಂಡವರಿಗೆ ಅದು ಸಿಗುವುದಿಲ್ಲ.

ಬಳಗದವರಲ್ಲಿ ನನ್ನ ಕೋರಿಕೆ ಇಷ್ಟು. ‘ವಿಮೆಯ ಬೆಲೆ’ ಎಂಬ ಪ್ರಯೋಗ ತಮ್ಮ ಕಿವಿಗೆ ಒಪ್ಪುತ್ತದೆಯೇ? ‘ವಿಮೆ ಮಾಡಿಸಿದ ಮೊತ್ತ’ ಎಂಬುದರೊಂದಿಗೆ ಅದು ಗೊಂದಲವಾದೀತೆಂಬ ಅಂಜಿಕೆ ನನಗಿದೆ. ಕರಾವಳಿಯಲ್ಲಿ, ಕಲಬುರಗಿ-ಬೀದರಿನ ಕಡೆ, ಗ್ಯಾರೇಜುಗಳಲ್ಲಿ ಮತ್ತು ಏಜೆಂಟರ ಮಾತಿನಲ್ಲಿ ಈ ಎರಡು ಭಾಗಗಳನ್ನು ಬೇರ್ಪಡಿಸಿ ಹೇಳುವ ಪದಗಳು ಚಾಲ್ತಿಯಲ್ಲಿದ್ದರೆ, ಅವನ್ನು ಬಳಕೆಯ ವಾಕ್ಯದೊಂದಿಗೆ ತಿಳಿಸಿ. ಹಳೆಯ ಕನ್ನಡ ಪಾಲಿಸಿ ಪತ್ರಗಳು ಯಾರ ಮನೆಯಲ್ಲಾದರೂ ಇದ್ದರೆ, ಅವುಗಳಲ್ಲಿ ಪ್ರೀಮಿಯಮ್ಮಿಗೆ ಯಾವ ಪದ ಬಳಸಿದ್ದಾರೆ ಎಂಬುದನ್ನು ಇಸವಿಯ ಸಹಿತ ಬರೆದರೆ ಕೈಪಿಡಿಗೆ ತುಂಬ ಉಪಕಾರವಾಗುತ್ತದೆ.