ಅಣ್ಣನಿಗೆ ಆತಂಕದ ಕಾಯಿಲೆ, ಡಿಸೆಬಿಲಿಟಿ ಪೆನ್ಶನ್ ಇಲ್ಲ: ಅಪೀಲು ಹಾಕಬೇಕಾ?

ರೋಣದ ತಂಗಿ:
ನಮ್ಮಣ್ಣ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿದ್ದ. 2021ರಲ್ಲಿ ಸರ್ವಿಸ್ ಮುಗಿಸಿ ಊರಿಗೆ ಬಂದ. ಬರುವ ಮುಂಚೆ ಮೆಡಿಕಲ್ ಬೋರ್ಡ್‌ನವರು ಆಂಕ್ಸೈಟಿ ಡಿಸಾರ್ಡರ್ ಅಂತ ಬರೆದು 20% ಡಿಸೆಬಿಲಿಟಿ ಕೊಟ್ಟಿದ್ದಾರೆ. ಕೆಳಗೆ ಒಂದೇ ಸಾಲು: ಇದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಹಾಗಾಗಿ ಸರ್ವಿಸ್ ಪೆನ್ಶನ್ ಮಾತ್ರ ಬರುತ್ತಿದೆ. ಕಾಶ್ಮೀರದಲ್ಲಿ ಎರಡು ಸಲ ಇದ್ದ, ಕಾಯಿಲೆ ಪತ್ತೆಯಾದದ್ದು ಪುಣೆಯಲ್ಲಿದ್ದಾಗ.

ರಾತ್ರಿ ಎದ್ದು ಮುಂದಿನ ಬಾಗಿಲ ಚಿಲಕ ಮುಟ್ಟಿ ನೋಡುತ್ತಾನೆ, ಹಿತ್ತಲ ಬಾಗಿಲಿಗೆ ಹೋಗುತ್ತಾನೆ, ಮತ್ತೆ ಮುಂದಿನದಕ್ಕೇ ಬರುತ್ತಾನೆ. ಜಾತ್ರೆ, ಸಂತೆ ಎಲ್ಲಾ ಬಿಟ್ಟಿದ್ದಾನೆ. ಈಗ ಹುಬ್ಬಳ್ಳಿಯಲ್ಲಿ ಗನ್‌ಮ್ಯಾನ್ ಕೆಲಸ. ಅಪೀಲು ಹಾಕೋಣ ಅಂದರೆ "ಹುಚ್ಚ ಅಂತ ನಾನೇ ಕಾಗದ ಮಾಡಿಸಿಕೊಳ್ಳಲಾ?" ಅಂತಾನೆ. ಏನು ಮಾಡಲಿ?

ಹಾವೇರಿ ಸುಬೇದಾರ್ (ನಿವೃತ್ತ):
ತಂಗಿ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹಿಮದಲ್ಲಿ ಕಾಲ್ಬೆರಳು ಕಳೆದುಕೊಂಡವರ ಜೊತೆ ಇದ್ದವನು ನಾನು. ಪುಣೆಯಂಥ ಪೀಸ್ ಸ್ಟೇಷನ್‌ನಲ್ಲಿ (ಗಡಿಯಿಂದ ದೂರದ ಶಾಂತ ನೆಲೆಯಲ್ಲಿ) ಬಂದ ಟೆನ್ಶನ್‌ಗೂ ಅದೇ ಪೆನ್ಶನ್ ಅಂದರೆ ನನಗೆ ಒಪ್ಪಲು ಆಗುವುದಿಲ್ಲ. 2019ರಲ್ಲಿ ನರಸಿಂಗ್ ಯಾದವ್ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮಾನಸಿಕ ಕಾಯಿಲೆ ಭರ್ತಿ ವೇಳೆ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಅದು ಸೇವೆಯಿಂದಲೇ ಬಂತು ಅಂತ ಸುಮ್ನೆ ಅಂದುಕೊಳ್ಳಲು ಬರುವುದಿಲ್ಲ ಅಂತ.

ಶಿಗ್ಗಾವಿ ನಾಯಕ್:
ಸಾಹೇಬ್ರೆ, ನಿಮ್ಮ ಮೇಲೆ ಗೌರವ ಇದೆ, ಆದರೆ ಈ ಪೀಸ್ ಸ್ಟೇಷನ್ ಮಾತು ಬೇಡ. ಫೀಲ್ಡ್‌ನಲ್ಲಿ, ಅಂದರೆ ಕಾಶ್ಮೀರದಂಥ ಕಡೆ ಇದ್ದಾಗ ಹೆದರಿಕೊಳ್ಳಲೂ ಪುರುಸೊತ್ತು ಇರುವುದಿಲ್ಲ. ಗಸ್ತಿನ ಪಾರ್ಟಿ ಹೊರಡಬೇಕು, ಕಾವಲು ನಿಲ್ಲಬೇಕು, ಪಕ್ಕದವನು ನಿಮ್ಮನ್ನೇ ನಂಬಿರುತ್ತಾನೆ. ಪೀಸ್‌ಗೆ ಬಂದು ಬಿಸಿ ಊಟ, ಹಾಸಿಗೆ ಸಿಕ್ಕಮೇಲೆ ಎದೆ ಹೊಡೆದುಕೊಳ್ಳಲು ಶುರು. ನನಗೂ ಹಾಗೇ ಆಯ್ತು. ಕಾಯಿಲೆ ಪುಣೆಯಲ್ಲಿ ಕಂಡಿತು ಅಂದಮಾತ್ರಕ್ಕೆ ಪುಣೆಯಲ್ಲೇ ಹುಟ್ಟಿತಾ?

ಧಾರವಾಡ ವಕೀಲ:
ಸುಬೇದಾರ್ ಸಾಹೇಬರು ಹೇಳಿದ ತೀರ್ಪು ನಿಜವೇ. ಆದರೆ ಅದು ಭರ್ತಿಯಾದ ಕೆಲವೇ ವರ್ಷಕ್ಕೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಬಂದು ಹೊರಬಿದ್ದವರ ಕೇಸು. ಇಲ್ಲಿ ಪೂರ್ತಿ ಸರ್ವಿಸ್ ಇದೆ, ಎರಡು ಫೀಲ್ಡ್ ಪೋಸ್ಟಿಂಗ್ ಇದೆ.

ಇನ್ನೊಂದು ಕಡೆಯದ್ದೂ ಓದಬೇಕು. 2013ರ ಧರ್ಮವೀರ್ ಸಿಂಗ್ ತೀರ್ಪಿನ ಪ್ರಕಾರ ಭರ್ತಿ ವೇಳೆ ಕಾಯಿಲೆ ನಮೂದಾಗಿಲ್ಲ ಅಂದರೆ ಅದು ಸೇವೆಯಲ್ಲಿ ಬಂದದ್ದು ಅಂತಲೇ ಹಿಡಿಯಬೇಕು. ಅಲ್ಲ ಅನ್ನುವುದಾದರೆ ಸಾಬೀತು ಮಾಡುವ ಹೊರೆ ಸರ್ಕಾರದ್ದು, ಜವಾನನದ್ದಲ್ಲ. 2025ರಲ್ಲಿ ರಾಜುಮೋನ್ ಕೇಸು ಬಂತು. ಅದೂ ಸ್ಕಿಜೋಫ್ರೇನಿಯಾದ್ದೇ. ಕಾರಣ ಕೊಡದ ಮೆಡಿಕಲ್ ಬೋರ್ಡ್ ಅಭಿಪ್ರಾಯ ನಿಲ್ಲುವುದಿಲ್ಲ ಅಂತ ಕೋರ್ಟ್ ಪೆನ್ಶನ್ ಕೊಡಿಸಿತು. ತಂಗಿ, ನಿಮ್ಮಣ್ಣನ ಕಾಗದದಲ್ಲಿ ಆ ಒಂದು ಸಾಲಿನ ಜೊತೆ ಕಾರಣ ಏನಾದರೂ ಇದೆಯಾ? ಇಡೀ ಕೇಸು ಅಲ್ಲೇ ಇದೆ.

ರೋಣದ ತಂಗಿ:
ಕಾರಣ ಇಲ್ಲ ಸರ್. ಪೀಸ್ ಸ್ಟೇಷನ್‌ನಲ್ಲಿ ಶುರುವಾಯಿತು ಅಂತ ಅಷ್ಟೇ. ಆದರೆ ಇಷ್ಟು ವರ್ಷ ಆಗಿದೆಯಲ್ಲ, ಅವಧಿ ಮುಗಿದಿಲ್ವಾ? 20%ಗೆ ಎಷ್ಟು ಬರಬಹುದು?

ಧಾರವಾಡ ವಕೀಲ:
ಅಪೀಲಿಗೆ ಆರು ತಿಂಗಳು ಅಂತ ಇರುತ್ತದೆ, ತಡವಾದದ್ದಕ್ಕೆ ಕಾರಣ ಬರೆದು ಮನ್ನಿಸಿ ಅಂತ ಕೇಳಬೇಕು. ಪೆನ್ಶನ್ ಪ್ರತಿ ತಿಂಗಳೂ ಬರಬೇಕಾದ ಹಕ್ಕು, ಕೊಡದ ಪ್ರತಿ ತಿಂಗಳೂ ಹೊಸ ಅನ್ಯಾಯ, ಹಾಗಾಗಿ ಕೇಸು ಪೂರ್ತಿ ಸಾಯುವುದಿಲ್ಲ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಬಾಕಿ ಸಾಮಾನ್ಯವಾಗಿ ಅರ್ಜಿ ಹಾಕುವ ಹಿಂದಿನ ಮೂರು ವರ್ಷದ್ದು ಮಾತ್ರ. ತಡ ಮಾಡಿದಷ್ಟೂ ಕೈಬಿಡುತ್ತಾ ಹೋಗುತ್ತದೆ.

ಹಣದ ಲೆಕ್ಕ: 100% ಡಿಸೆಬಿಲಿಟಿ ಅಂದರೆ ಕೊನೆಯ ಸಂಬಳದ 30%. 20% ಇದ್ದವರಿಗೆ ಅದನ್ನು 50%ಗೆ ಏರಿಸುತ್ತಾರೆ. ಸರ್ವಿಸ್ ಮುಗಿಸಿ ಬಂದವರಿಗೂ ಇದು ಸಲ್ಲುತ್ತದೆ ಅಂತ 2014ರ ರಾಮ್ ಅವತಾರ್ ತೀರ್ಪು ಇದೆ. ಅಂದರೆ ಕೊನೆಯ ಸಂಬಳ 40,000 ಇದ್ದರೆ ತಿಂಗಳಿಗೆ 6,000, ಮೇಲೆ ತುಟ್ಟಿಭತ್ಯೆ.

ಮೊದಲು ಬೆಳಗಾವಿಯ ರೆಕಾರ್ಡ್ಸ್ ಆಫೀಸಿಗೆ ಆರ್‌ಟಿಐ ಹಾಕಿ. ಮೆಡಿಕಲ್ ಬೋರ್ಡಿನ ಪೂರ್ತಿ ಪ್ರತಿ, ಭರ್ತಿ ವೇಳೆಯ ಮೆಡಿಕಲ್, ಪೋಸ್ಟಿಂಗ್ ವಿವರ ಕೇಳಿ. ಆಮೇಲೆ ಮೊದಲ ಅಪೀಲು, ಅದು ತಿರಸ್ಕಾರವಾದರೆ ಎರಡನೆಯದು. ಆರು ತಿಂಗಳು ಉತ್ತರವೇ ಬರದಿದ್ದರೆ ಕಾಯಬೇಕಿಲ್ಲ, ಸೇನಾ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕಕ್ಕೆ ಕೊಚ್ಚಿ ಪೀಠ.

ಹಾವೇರಿ ಸುಬೇದಾರ್ (ನಿವೃತ್ತ):
ವಕೀಲರು ದಾರಿ ತೋರಿಸುತ್ತಾರೆ, ಅದು ಅವರ ಕೆಲಸ. ಆದರೆ ಕ್ಲೇಮುಗಳು ಹೆಚ್ಚಾದವು ಅಂತಲೇ ಅಲ್ವಾ 2023ರಲ್ಲಿ ಡಿಸೆಬಿಲಿಟಿ ಪೆನ್ಶನ್ ನಿಯಮ ಬದಲಾದದ್ದು? ನಿವೃತ್ತಿ ಹತ್ತಿರ ಬಂದಾಗ ಮಾತ್ರ ಕಾಯಿಲೆ ನೆನಪಾಗುವವರನ್ನು ನಾನು ನೋಡಿದ್ದೇನೆ. ಅವರಿಂದ ನಿಜವಾದವರಿಗೂ ಪೆಟ್ಟು.

ಧಾರವಾಡ ವಕೀಲ:
ಆ ನಿಯಮ 2023ರ ಸೆಪ್ಟೆಂಬರ್ 21ರಿಂದ. ಇವರು 2021ರಲ್ಲೇ ಬಂದವರು, ಹಾಗಾಗಿ ಇವರಿಗೆ ಅದು ಅನ್ವಯಿಸುವುದಿಲ್ಲ.

ಶಿಗ್ಗಾವಿ ನಾಯಕ್:
ಸಾಹೇಬ್ರೆ, ನಾಟಕ ಮಾಡುವವನು ರಾತ್ರಿ ಯಾರೂ ನೋಡದಾಗ ಎದ್ದು ಚಿಲಕ ಮುಟ್ಟುತ್ತಾನಾ? ಕಾಯಿಲೆ ಇದೆ ಅಂತ ಬರೆದದ್ದು ಸೇನೆಯ ಡಾಕ್ಟರೇ. ಜಗಳ ಇರುವುದು ಎಲ್ಲಿಂದ ಬಂತು ಅನ್ನುವುದರ ಬಗ್ಗೆ.

ಗದಗ ನರ್ಸ್ ಅಕ್ಕ:
ಎಲ್ಲರೂ ಪೆನ್ಶನ್ ಬಗ್ಗೆಯೇ ಮಾತಾಡುತ್ತಿದ್ದೀರಿ. ನಿದ್ದೆ ಇಲ್ಲದ ಮನುಷ್ಯನ ಕೈಯಲ್ಲಿ ಬಂದೂಕು ಇದೆ, ಅದು ಯಾರ ಕಣ್ಣಿಗೂ ಬೀಳಲಿಲ್ವಾ? ತಂಗಿ, ಮೊದಲು ಅವನನ್ನು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗು. ಒಪ್ಪದಿದ್ದರೆ 14416ಕ್ಕೆ ಫೋನ್ ಮಾಡಿಸು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹೆಸರು ಹೊರಬೀಳುತ್ತದೆ ಅನ್ನುವ ಹೆದರಿಕೆ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ವಿಷಯ ಗುಟ್ಟಾಗಿ ಇಡಬೇಕು ಅಂತಲೇ ಇದೆ. ತನ್ನ ಚಿಕಿತ್ಸೆಯ ದಾಖಲೆ ಕೇಳಿ ಪಡೆಯುವ ಹಕ್ಕೂ ಅವನಿಗಿದೆ.

ಹಾವೇರಿ ಸುಬೇದಾರ್ (ನಿವೃತ್ತ):
ಅಕ್ಕನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಪೆನ್ಶನ್ ವಿಷಯದಲ್ಲಿ ನನ್ನ ಅಭಿಪ್ರಾಯ ಅದೇ. ಆದರೆ ಹುಡುಗ ಮಾತಾಡಲು ತಯಾರಿದ್ದರೆ ನಾನು ಹಾವೇರಿಯಿಂದ ಬರುತ್ತೇನೆ. ನಮ್ಮವರ ಮುಂದೆ ಬಾಯಿ ಬಿಡುವುದು ಸುಲಭ.

ರೋಣದ ತಂಗಿ:
ಬನ್ನಿ ಕಾಕಾ. ಭಾನುವಾರ ಅವನಿಗೆ ರಜೆ. ವಕೀಲ ಸರ್, ಆರ್‌ಟಿಐ ಅರ್ಜಿಗೆ ಅವನದೇ ಸಹಿ ಬೇಕಾ, ನಾನು ಹಾಕಿದರೆ ನಡೆಯುತ್ತಾ?

ಧಾರವಾಡ ವಕೀಲ:
ಅವರದೇ ಸಹಿ ಇರಲಿ. ವೈಯಕ್ತಿಕ ದಾಖಲೆ ಅಂತ ಬೇರೆಯವರಿಗೆ ಕೊಡುವುದಿಲ್ಲ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಆರ್ಮಿ ನಂಬರ್ ಮರೆಯದೆ ಬರೆಯಿರಿ, ಸ್ಪೀಡ್ ಪೋಸ್ಟ್ ರಸೀದಿ ಎತ್ತಿಡಿ.