ದಸರಾ ರಜೆಗೆ ಮಡಿಕೇರಿ: ಲ್ಯಾಬ್ರಡಾರನ್ನು ಕರೆದುಕೊಂಡು ಹೋಗೋದಾ, ಬೋರ್ಡಿಂಗಿಗೆ ಬಿಡೋದಾ?

ಗುಂಡನಮನೆ:
ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಬೆಂಗಳೂರಿನಿಂದ ಮಡಿಕೇರಿಗೆ ಮೂರು ರಾತ್ರಿ ಹೋಗುವ ಯೋಚನೆ. ಉಳಿಯೋದು ಊರಾಚೆ ಕಾಫಿ ತೋಟದ ಹೋಂಸ್ಟೇಯಲ್ಲಿ. ಗಾಡಿ ಏಳು ಸೀಟಿನ ಎರ್ಟಿಗಾ. ನಾವಿಬ್ಬರು, 7 ಮತ್ತು 11 ವರ್ಷದ ಮಕ್ಕಳು, 72 ವರ್ಷದ ಅತ್ತೆ, ಒಟ್ಟು ಐದು ಜನ. ನಾಯಿ ಗುಂಡ, ಗಂಡು ಲ್ಯಾಬ್ರಡಾರ್, 4 ವರ್ಷ, 31 ಕೆ.ಜಿ. ಗಾಡಿಯಲ್ಲಿ ಒಂದು ಗಂಟೆಗಿಂತ ಹೆಚ್ಚು ಕೂತು ಗೊತ್ತಿಲ್ಲ, ಬೇರೆಯವರ ಹತ್ತಿರ ಒಂದು ರಾತ್ರಿಯೂ ಇದ್ದಿಲ್ಲ. ಮೊದಲ ದಿನ ಪ್ರಯಾಣ, ಎರಡನೇ ದಿನ ಭಾಗಮಂಡಲ, ತಲಕಾವೇರಿ. ಮೂರನೇ ದಿನ ದುಬಾರೆ, ಬೈಲುಕುಪ್ಪೆ. ಅವತ್ತೇ ವಿಜಯದಶಮಿ, ರಾತ್ರಿ ದಶಮಂಟಪ ಮೆರವಣಿಗೆ ನೋಡಬೇಕು. ಹೋಂಸ್ಟೇಯವರು ನಾಯಿ ತರಬಹುದು ಅಂದಿದ್ದಾರೆ. ಮಕ್ಕಳದ್ದು ಬಿಟ್ಟು ಬರಲ್ಲ ಅಂತ ಹಟ. ಇನ್ನೂ ಐದು ವಾರ ಇದೆ. ಕರೆದುಕೊಂಡು ಹೋಗೋದಾ, ಬೋರ್ಡಿಂಗಿಗೆ (ದುಡ್ಡು ಕೊಟ್ಟು ನಾಯಿ ಬಿಟ್ಟು ಹೋಗುವ ಜಾಗ) ಬಿಡೋದಾ, ಏನು ಮಾಡೋದು ಸರಿ?

ಹುಣಸೂರು_ರಸ್ತೆ:
ಲಸಿಕೆ, ಗಾಡಿ, ಬೆಲ್ಟು ಎಲ್ಲ ಆಮೇಲೆ. ಮೊದಲು ನಿಮ್ಮ ಪ್ಲಾನನ್ನು ಕಾಗದದ ಮೇಲೆ ಗಂಟೆ ಲೆಕ್ಕದಲ್ಲಿ ಬರೆದು, ಪ್ರತಿ ಗಂಟೆ ನಾಯಿ ಎಲ್ಲಿರುತ್ತದೆ ಅಂತ ಪಕ್ಕದಲ್ಲಿ ಗುರುತು ಹಾಕಿ.

ತಲಕಾವೇರಿ, ಭಾಗಮಂಡಲ ಎರಡೂ ದೇವಸ್ಥಾನ, ನಾಯಿಗೆ ಪ್ರವೇಶ ಇಲ್ಲ. ಮಡಿಕೇರಿಯಿಂದ ಹೋಗಿ ಬರಲು, ದರ್ಶನ ಸೇರಿ, ಅರ್ಧ ದಿನಕ್ಕೂ ಹೆಚ್ಚು ಹಿಡಿಯುತ್ತದೆ. ನಿಮ್ಮ ದಿನಾಂಕ ತುಲಾ ಸಂಕ್ರಮಣದ ಹತ್ತಿರ (ತಲಕಾವೇರಿ ತೀರ್ಥೋದ್ಭವ, ಅಕ್ಟೋಬರ್ 17ರ ಸುಮಾರು) ಬಿದ್ದರೆ ಜನಸಂದಣಿಯಲ್ಲಿ ಇಡೀ ದಿನವೇ ಹೋಯಿತು. ದುಬಾರೆಯಲ್ಲಿ ಆನೆಗಳಿವೆ, ಅಲ್ಲಿಗೂ ನಾಯಿ ಒಯ್ಯುವಂತಿಲ್ಲ. ಬೈಲುಕುಪ್ಪೆಯ ಮಂದಿರದ್ದೂ ಅದೇ. ಅಂದರೆ ಎರಡು ದಿನವೂ ಬೆಳಿಗ್ಗೆ 9ರಿಂದ ಸಂಜೆ 4ರ ತನಕ ನಾಯಿ ಹೊಸ ಕೋಣೆಯಲ್ಲಿ ಒಂಟಿ. ಮನೆಯಲ್ಲಿ ಒಂಟಿಯಾಗಿ ಶಾಂತವಾಗಿರುವ ನಾಯಿ ಹೊಸ ಜಾಗದಲ್ಲಿ ಹಾಗಿರಲ್ಲ. ನೀವು ಮರಳಿ ಬರುತ್ತೀರಿ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಬೊಗಳುತ್ತದೆ, ಬಾಗಿಲು ಕೆರೆದು ಉಗುರು ಕೀಳಿಸಿಕೊಳ್ಳುತ್ತದೆ. ಕೋಣೆ ಗುಡಿಸಲು ಬಂದವರು ಬಾಗಿಲು ತೆರೆದರೆ ನುಗ್ಗಿ ಓಡಿಹೋಗುತ್ತದೆ.

ಗಾಡಿಯಲ್ಲೇ ಬಿಟ್ಟು ಹೋಗೋಣ ಅನ್ನೋ ಯೋಚನೆ ಬೇಡವೇ ಬೇಡ. ಹೊರಗೆ 32 ಡಿಗ್ರಿ ಇದ್ದರೆ ನಿಲ್ಲಿಸಿದ ಗಾಡಿಯೊಳಗೆ 10 ನಿಮಿಷದಲ್ಲಿ 43, ಅರ್ಧ ಗಂಟೆಯಲ್ಲಿ 50 ದಾಟುತ್ತದೆ. ಕಿಟಕಿ ಎರಡು ಇಂಚು ಇಳಿಸಿದರೆ ಹೆಚ್ಚು ವ್ಯತ್ಯಾಸ ಆಗಲ್ಲ. ಕೊಡಗಿನಲ್ಲಿ ತಂಪು ಇರಬಹುದು, ಆದರೆ ಮೋಡ ಸರಿದು ಬಿಸಿಲು ಬಿತ್ತೆಂದರೆ ಅಲ್ಲೂ ಇದೇ ಕಥೆ.

ದಶಮಂಟಪ ಮೆರವಣಿಗೆ ಬೆಳಗಿನ ಜಾವದ ತನಕ ನಡೆಯುತ್ತದೆ. ಹತ್ತೂ ಮಂಟಪಗಳ ಸ್ಪೀಕರ್ ಸದ್ದಿಗೆ ಎದೆ ನಡುಗುತ್ತದೆ. ಆ ರಾತ್ರಿ ನಾಯಿಯನ್ನು ಊರೊಳಗೆ ತರಲೇಬಾರದು.

ಈ ಪ್ಲಾನಿಗೆ ನನ್ನ ಉತ್ತರ: ಬೇಡ. ನಾಯಿ ಬರಲೇಬೇಕು ಅಂದರೆ ಪ್ಲಾನನ್ನೇ ಬದಲಾಯಿಸಿ. ತೋಟದಲ್ಲೇ ಇರುವುದು, ದಿನಕ್ಕೆ ಒಂದೇ ಜಾಗ, ಸರದಿಯಂತೆ ದೊಡ್ಡವರೊಬ್ಬರು ನಾಯಿ ಜೊತೆ. ಅಂಥ ರಜೆ ಲ್ಯಾಬಿಗೆ ನಿಜವಾಗಿಯೂ ಹಬ್ಬ.

ಕಾಫಿಕಣ:
ಹೋಂಸ್ಟೇಯವರು "ತನ್ನಿ" ಅಂದಿದ್ದು ಸಾಲದು. ಫೋನ್ ಮಾಡಿ ಇಷ್ಟು ಕೇಳಿ.

ಅವರದ್ದೇ ನಾಯಿ ಇದೆಯೇ, ರಾತ್ರಿ ಬಿಚ್ಚಿ ಬಿಡುತ್ತಾರೆಯೇ? ತೋಟದ ನಾಯಿಗಳು ಜಾಗ ಕಾಯುವವು, ಹೊಸ ಗಂಡು ನಾಯಿ ಬಂದರೆ ಮೊದಲ ರಾತ್ರಿಯೇ ಜಗಳ. ನಿಮ್ಮ ನಾಯಿ ಮಲಗೋದು ಕೋಣೆಯೊಳಗೋ, ಜಗಲಿಯಲ್ಲೋ? ಜಗಲಿ ಅಂದರೆ ಬುಕ್ಕಿಂಗ್ ಬಿಟ್ಟುಬಿಡಿ. ತೋಟಕ್ಕೆ ಚಿರತೆ ಬರುವುದೇ ನಾಯಿಗೋಸ್ಕರ, ಕತ್ತಲಾದ ಮೇಲೆ ಮೂತ್ರಕ್ಕೂ ಹಗ್ಗ ಹಾಕಿಯೇ ದೀಪದ ಬೆಳಕಲ್ಲಿ ಕರೆದೊಯ್ಯಬೇಕು. ಹಗಲಲ್ಲೂ ಬಿಚ್ಚಬೇಡಿ. ಕಾಡುಹಂದಿಗೆ ಬೇಲಿ ಸಂದಿಯಲ್ಲಿ ಉರುಳು ಒಡ್ಡಿರುವ ಜಾಗಗಳಿವೆ, ವಾಸನೆ ಹಿಡಿದು ಹೋಗುವ ನಾಯಿಯ ಕುತ್ತಿಗೆಯೋ ಕಾಲೋ ಮೊದಲು ಸಿಕ್ಕಿಬೀಳೋದು ಅದರಲ್ಲೇ.

ಇನ್ನೊಂದು, ಹೆಚ್ಚಿನವರು ಮರೆಯುವುದು: ಮಳೆ ಕಳೆದ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಕಾಫಿಗೆ ಬೋರ್ಡೋ ಔಷಧಿ ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣ ಬೆರೆಸಿದ ನೀಲಿ ನೀರು. ಡ್ರಮ್ಮಿನ ಬುಡದಲ್ಲಿ ನಿಂತ ನೀರನ್ನು ನಾಯಿ ನೆಕ್ಕಿದರೆ ವಾಂತಿ, ಭೇದಿ. ಯಾವ ಬ್ಲಾಕಿಗೆ ಯಾವಾಗ ಹೊಡೆದಿದ್ದಾರೆ, ಗೋದಾಮಿನ ಹತ್ತಿರ ಇಲಿ ಪಾಷಾಣ ಇಟ್ಟಿದ್ದಾರೆಯೇ, ಎರಡನ್ನೂ ಕೇಳಿ.

ಜಿಗಣೆ ಅಕ್ಟೋಬರಿನಲ್ಲೂ ಇರುತ್ತದೆ. ಬೆರಳ ಸಂದಿಯದ್ದನ್ನು ಉಪ್ಪು ಮುಟ್ಟಿಸಿದರೆ ಬೀಳುತ್ತದೆ. ಮೂಗಿನೊಳಗೆ ಹೋದರೆ ಮಾತ್ರ ಉಪ್ಪು ಹಾಕಬೇಡಿ. ಒಂದೇ ಹೊಳ್ಳೆಯಿಂದ ರಕ್ತ, ಬಿಡದೆ ಸೀನು ಕಂಡರೆ ಡಾಕ್ಟರೇ ತೆಗೆಯಬೇಕು.

ಲಸಿಕೆ_ಪುಸ್ತಕ:
ಐದು ವಾರ ಇದೆ ಅಂದಿದ್ದೀರಿ, ಸಾಕಾಗುತ್ತದೆ, ಆದರೆ ಇದೇ ವಾರ ಶುರು ಮಾಡಿ.

ಲಸಿಕೆ ಪುಸ್ತಕದಲ್ಲಿ ರೇಬೀಸ್ ಚುಚ್ಚುಮದ್ದಿನ ದಿನಾಂಕದ ಜೊತೆ ಲೆಪ್ಟೋ (ಇಲಿಜ್ವರ) ಇದೆಯಾ ನೋಡಿ. ವಾರ್ಷಿಕ ಲಸಿಕೆಯ ಎಲ್ಲ ಬ್ರ್ಯಾಂಡಿನಲ್ಲೂ ಲೆಪ್ಟೋ ಸೇರಿರುವುದಿಲ್ಲ, ಸ್ಟಿಕ್ಕರಿನಲ್ಲಿ "ಎಲ್" ಅಕ್ಷರವೋ ಲೆಪ್ಟೋ ಹೆಸರೋ ಇದೆಯಾ ಗಮನಿಸಿ. ಇಲಿ ಮೂತ್ರ ಸೇರಿದ ನಿಂತ ನೀರಿನಿಂದ ಬರುವ ರೋಗ ಇದು, ಪಶ್ಚಿಮ ಘಟ್ಟದ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ನಾಯಿಯ ಮೂತ್ರದಿಂದ ಮನುಷ್ಯರಿಗೂ ದಾಟುತ್ತದೆ, ಮನೆಯಲ್ಲಿ ಮಕ್ಕಳಿದ್ದಾರೆ. ಹಿಂದೆ ಹಾಕಿಸಿಯೇ ಇಲ್ಲದಿದ್ದರೆ 2–4 ವಾರ ಅಂತರದಲ್ಲಿ ಎರಡು ಡೋಸ್ ಬೇಕು. ಎರಡನೇ ಡೋಸ್ ಆಗಿ ಒಂದೆರಡು ವಾರ ಕಳೆದ ಮೇಲೆಯೇ ರಕ್ಷಣೆ. ಈಗ ಲೆಕ್ಕ ಹಾಕಿ, ಯಾಕೆ ಈ ವಾರವೇ ಅಂದೆ ಅಂತ.

ಉಣ್ಣಿಗೆ ತಿಂಗಳಿನ ಅಥವಾ 12 ವಾರದ ಮಾತ್ರೆಯನ್ನು ಹೊರಡುವ ಒಂದು ವಾರ ಮುಂಚೆ, ತೂಕ ನೋಡಿಸಿ ಕೊಡಿ. ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಅಂಥ ನಾಯಿಗೆ ಈ ಗುಂಪಿನ ಮಾತ್ರೆ ಆಗದಿರಬಹುದು. ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿ, ಬಾಲದ ಬುಡ, ಕಂಕುಳು ಹುಡುಕಿ. ಸಿಕ್ಕಿದ್ದನ್ನು ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ವಾಪಸ್ ಬಂದು ಒಂದರಿಂದ ಮೂರು ವಾರದೊಳಗೆ ಜ್ವರ, ಊಟ ಬಿಡುವುದು, ಒಸಡು ಬಿಳಿಚುವುದು, ಕಾಫಿ ಬಣ್ಣದ ಮೂತ್ರ ಕಂಡರೆ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಕೊಡಗು ಬಿಟ್ಟು ಮುಂದೆಂದಾದರೂ ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಹೋಗುವುದಾದರೆ ಡಿಸೆಂಬರಿನಿಂದ ಮೇ ತನಕ ಕಾಡಂಚಿಗೆ ನಾಯಿ ಒಯ್ಯಲೇಬೇಡಿ. ಮಂಗನ ಕಾಯಿಲೆಯ ಉಣುಗು ನಾಯಿಯ ಮೈಮೇಲೆ ಕೂತು ಕೋಣೆಯೊಳಗೆ ಬರಬಹುದು.

ಕೊನೆಗೆ, ನಿಮ್ಮ ಜ್ವರದ ಮಾತ್ರೆ, ನೋವಿನ ಮಾತ್ರೆ ಯಾವುದನ್ನೂ ನಾಯಿಗೆ ಕೊಡಬೇಡಿ.

ಗುಂಡನಮನೆ:
ತುಂಬ ಉಪಕಾರ ಆಯ್ತು. ಗಂಟೆ ಲೆಕ್ಕ ಬರೆದೆವು, ಎರಡು ದಿನಕ್ಕೆ 14 ಗಂಟೆ ಒಂಟಿ, ರಾತ್ರಿ ಮೆರವಣಿಗೆ ಬೇರೆ. ಅತ್ತೆ "ನಾನು ಹೋಂಸ್ಟೇಯಲ್ಲೇ ಗುಂಡನ ಜೊತೆ ಇರ್ತೀನಿ" ಅಂತಿದ್ದಾರೆ. ಅದು ಆಗುತ್ತಾ? ಇಲ್ಲ ಅಂದರೆ ಬೋರ್ಡಿಂಗ್ ಹೇಗೆ ಆರಿಸೋದು?

ಹುಣಸೂರು_ರಸ್ತೆ:
ಅಮ್ಮನವರ ಮನಸ್ಸು ದೊಡ್ಡದು, ಆದರೆ ಬೇಡ. ಮಳೆಗೆ ಪಾಚಿ ಕಟ್ಟಿದ ಮೆಟ್ಟಿಲು, ಎದುರಿಗೆ ತೋಟದ ನಾಯಿ, 31 ಕೆ.ಜಿ. ಒಂದೇ ಎಳೆತ ಎಳೆದರೆ 72 ವರ್ಷದವರು ಬಿದ್ದು ಸೊಂಟದ ಮೂಳೆ ಮುರಿಯುತ್ತದೆ.

ಗಾಡಿಯೂ ಕಷ್ಟವೇ. ಎರ್ಟಿಗಾದಲ್ಲಿ ಐವರು ಕೂತರೆ ನಾಯಿಗೆ ಮೂರನೇ ಸಾಲು ಮಡಚಬೇಕು. ಅರ್ಧದಲ್ಲಿ ನಾಯಿ, ಅರ್ಧದಲ್ಲಿ ಲಗೇಜು ಅಂದರೆ ಸುಂಟಿಕೊಪ್ಪದ ಮೇಲಿನ ತಿರುವುಗಳಲ್ಲಿ ಸೂಟ್‌ಕೇಸ್ ಜಾರಿ ನಾಯಿಯ ಮೇಲೆ ಬೀಳುತ್ತದೆ. ಎ.ಸಿ. ಗಾಳಿಯೂ ಹಿಂದಕ್ಕೆ ಕಮ್ಮಿ. ಒಂದು ಗಂಟೆಯಷ್ಟೇ ಕೂತು ಗೊತ್ತಿರುವ ನಾಯಿಗೆ ಆರು ಗಂಟೆ ಮೊದಲ ಪರೀಕ್ಷೆ ಆಗಬಾರದು. ಮುಂದಿನ ಸಲಕ್ಕೆ ಈಗಿನಿಂದಲೇ ಅಭ್ಯಾಸ ಮಾಡಿಸಿ: ಹೊರಡುವ ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿ, ಎದೆಗೆ ಹಾಕುವ ಹಾರ್ನೆಸ್ಸಿಗೆ ಬೆಲ್ಟ್ ಕೊಂಡಿ ಸಿಕ್ಕಿಸಿ (ಕತ್ತಿನ ಪಟ್ಟಿಗೆ ಅಲ್ಲ), ರಾಮನಗರದ ತನಕ ಹೋಗಿ ಬನ್ನಿ. ಜೊಲ್ಲು, ಪದೇಪದೇ ಆಕಳಿಕೆ, ತುಟಿ ನೆಕ್ಕುವುದು ಕಂಡರೆ ವಾಂತಿ ಬರುವ ಮುನ್ಸೂಚನೆ, ಗಾಡಿ ನಿಲ್ಲಿಸಿ. ಬಾಗಿಲು ತೆರೆಯುವ ಮುಂಚೆ ಹಗ್ಗ ಕೈಯಲ್ಲಿರಲಿ.

ಲಸಿಕೆ_ಪುಸ್ತಕ:
ಬೋರ್ಡಿಂಗಿಗೆ: ಹೇಳದೆ ಒಮ್ಮೆ ಹೋಗಿ ನೋಡಿ. ಲಸಿಕೆ ಪುಸ್ತಕ ಕೇಳದೆ ನಾಯಿ ಸೇರಿಸಿಕೊಳ್ಳುವ ಜಾಗ ಬೇಡ, ಪಕ್ಕದ ಗೂಡಿನ ನಾಯಿಗೂ ಅದೇ ನಿಯಮ ಇರುತ್ತದಲ್ಲ. ರಾತ್ರಿ ಮನುಷ್ಯರು ಅಲ್ಲೇ ಮಲಗುತ್ತಾರೆಯೇ, ಕ್ಯಾಮೆರಾ ಮಾತ್ರವೇ? ಹೊರಗಿನ ಗೇಟು ಎರಡು ಹಂತದ್ದೇ (ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವಂತೆ)? ಕೆನಲ್ ಕಾಫ್ (ನಾಯಿಯಿಂದ ನಾಯಿಗೆ ಹರಡುವ ಕೆಮ್ಮು) ಲಸಿಕೆ ಎರಡು ವಾರ ಮುಂಚೆ ಆಗಿರಲಿ. ದಸರಾಕ್ಕೆ ಬೇಗ ತುಂಬಿಹೋಗುತ್ತದೆ, ಇವತ್ತೇ ಜಾಗ ಕಾದಿರಿಸಿ.

ಮೊದಲು ಅರ್ಧ ದಿನ, ಮರುವಾರ ಒಂದು ರಾತ್ರಿ ಬಿಟ್ಟು ನೋಡಿ. ಆ ರಾತ್ರಿ ಊಟ ಬಿಟ್ಟರೆ ಗಾಬರಿ ಬೇಡ. ಬೆಳಿಗ್ಗೆಯೂ ನೀರು ಮುಟ್ಟದಿದ್ದರೆ, ಕಂಬಿ ಕಚ್ಚಿ ಒಸಡು ಗಾಯ ಮಾಡಿಕೊಂಡಿದ್ದರೆ ಆ ಜಾಗ ಆಗಿಬರಲ್ಲ. ಆಗ ಪರಿಚಯದವರು ನಿಮ್ಮ ಮನೆಗೇ ಬಂದು ಮಲಗುವ ಏರ್ಪಾಡು ಮಾಡಿ. ಊಟ ಬದಲಾದರೆ ಭೇದಿ ಆಗಬಹುದು, ಅದು ತಿನ್ನುವ ಆಹಾರವನ್ನೇ ದಿನಕ್ಕೆ 400 ಗ್ರಾಂ ಲೆಕ್ಕದಲ್ಲಿ ಐದು ದಿನಕ್ಕೆ ಎರಡು ಕೆ.ಜಿ. ಅಳೆದು ಪ್ಯಾಕೆಟ್ ಮಾಡಿ ಕೊಡಿ. ತುರ್ತಿಗೆ ಯಾವ ಆಸ್ಪತ್ರೆ, ಎಷ್ಟು ಖರ್ಚಿನ ತನಕ ನಿಮ್ಮನ್ನು ಕೇಳದೆ ಚಿಕಿತ್ಸೆ ಕೊಡಿಸಬಹುದು ಅಂತ ಸಹಿ ಮಾಡಿದ ಕಾಗದ ಇರಲಿ, ತೋಟದಲ್ಲಿ ಸಿಗ್ನಲ್ ಸಿಗದೇ ಇರಬಹುದು. ತೊಳೆಯದ ಹಳೇ ಬೆಡ್‌ಶೀಟ್ ಒಂದು ಜೊತೆಗೆ ಕಳಿಸಿ, ಮಕ್ಕಳು ಹೊದ್ದುಕೊಂಡದ್ದಾದರೆ ಇನ್ನೂ ಒಳ್ಳೆಯದು.

ಕಾಫಿಕಣ:
ಬೋರ್ಡಿಂಗ್ ಆದರೂ ಉಣ್ಣಿ ಮಾತ್ರೆ ತಪ್ಪಿಸಬೇಡಿ. ಹತ್ತಾರು ಮನೆಯ ನಾಯಿ ಒಂದೆಡೆ ಸೇರುವ ಜಾಗದಲ್ಲಿ ಗೋಡೆ ಬಿರುಕಲ್ಲೇ ಉಣ್ಣಿ ಇರುತ್ತದೆ.