ಮಂಡಿ ಅಲ್ಲ ಪುಟ್ಟಿ, ನೀರು

ಪುಟ್ಟಿ, ಈಗ ನೋಡಿದೆ ನಿನ್ನ ಮೆಸೇಜು. ಭಾನುವಾರ ಅಮ್ಮನನ್ನು ವೇಲ್ಸಿನ ಆಂಗಲ್ಸಿಗೆ, ಆ ಸಮುದ್ರದೊಳಗಿನ ಚರ್ಚಿಗೆ ಕರೆದುಕೊಂಡು ಹೋಗುತ್ತೇವೆ, ಅವಳ ಮಂಡಿ ತಡೆಯುತ್ತದಾ ಅಂತ ಕೇಳಿದ್ದೀಯ. ತಡೆಯುತ್ತದೆ ಕಣೇ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳು ಅವಳು. ಅಬರ್‌ಫ್ರಾ ಊರಿನ ಹಳೇ ಕಲ್ಲು ಸೇತುವೆಯಿಂದ ಹೊಳೆ ಪಕ್ಕ ನಡೆದು, ಆಮೇಲೆ ಕಡಲ ಅಂಚು ಹಿಡಿದರೆ ಸುಮಾರು ಎರಡು ಮೈಲಿ. ಹುಲ್ಲು, ಕುರಿ, ಗಾಳಿ, ಅಷ್ಟೇ. ಭಯಪಡಬೇಕಾದ್ದು ನೀರಿಗೆ. ಅಲ್ಲಿ ನೀರು ಹಿಂದಿನಿಂದ ಬರುತ್ತದೆ.

ನಮಗೆ ಆಗಿದ್ದು ನಿಮಗೆಲ್ಲ ಗೊತ್ತು, ಆದರೂ ಹೇಳುತ್ತೇನೆ. ದೊಡ್ಡಪ್ಪ ಇನ್ನೂ ಮ್ಯಾಂಚೆಸ್ಟರಿನಲ್ಲಿ ಕೆಲಸದಲ್ಲಿದ್ದರು, ಮೇ ತಿಂಗಳು. ಸೇಂಟ್ ಕುಯ್‌ವನ್ ಚರ್ಚು ಇರುವುದು ಪುಟ್ಟ ದ್ವೀಪದ ಮೇಲೆ. ಕುಯ್‌ವನ್ ಅಂದರೆ ಹಳೇ ಸೆಲ್ಟಿಕ್ ಸಂತ, ಐರ್ಲೆಂಡಿನ ಕೆವಿನ್ ಅವನೇ ಅಂತಾರೆ. ಈಗಿರುವ ಕಟ್ಟಡ 12ನೇ ಶತಮಾನದ್ದು. ನೀರು ಇಳಿದಾಗ ಕಲ್ಲು ದಾರಿ ಕಾಣುತ್ತದೆ, ಏರಿದರೆ ಮಾಯ. ಹಿಂದೆ ಸಮುದ್ರ ಮಣ್ಣು ಕೊರೆದು ಸಮಾಧಿಗಳೇ ನೀರಿಗೆ ಬಿದ್ದವಂತೆ, ಅದಕ್ಕೇ 1893ರಲ್ಲಿ ಸುತ್ತ ಗೋಡೆ ಕಟ್ಟಿಸಿದರು. ಆ ಗೋಡೆ ಮೇಲೆ ಕೂತು ಪುಳಿಯೋಗರೆ ಡಬ್ಬಿ ಬಿಚ್ಚಿದೆ. ಎದುರಿಗೆ ಸಮುದ್ರ ಸುಮ್ನೆ ಇತ್ತು. ತಿಂದು, ಕೈ ತೊಳೆದು ತಿರುಗಿದರೆ ದಾರಿಯ ನಡುವಿನ ಕಲ್ಲುಗಳೇ ಇಲ್ಲ! ಎರಡೂ ಕಡೆಯ ನೀರು ಬಂದು ಕೂಡಿಬಿಟ್ಟಿದೆ. ದೊಡ್ಡಪ್ಪ ಪ್ಯಾಂಟು ಮಡಚಿ ಇಳಿದರು, ಪಾಚಿ ಮೇಲೆ ಜಾರಿ ಸೊಂಟದವರೆಗೆ ನೆನೆದು ವಾಪಸ್. ಫೋನು ಮಾಡಲು ನಾಚಿಕೆ ಅವರಿಗೆ. ಚರ್ಚಿಗೆ ಬೀಗ. ನನ್ನ ಶಾಲು ಸುತ್ತಿಕೊಂಡು ಗೋಡೆ ಮರೆಯಲ್ಲಿ ಕೂತರು, ದಾರಿ ಬಿಟ್ಟಿದ್ದು ರಾತ್ರಿ ಒಂಬತ್ತಕ್ಕೆ. ಅದಕ್ಕೇ ಹೇಳೋದು, ನೀರು ಹಿಂದಿನಿಂದ ಬರುತ್ತದೆ, ಬೆನ್ನು ಹಾಕಿ ಕೂರಬೇಡಿ.

ಇಷ್ಟಾದ ಮೇಲೆ ಪ್ರತಿ ಯುಗಾದಿಗೂ ಎಲ್ಲರ ಮುಂದೆ ದೊಡ್ಡಪ್ಪ ಏನು ಹೇಳುತ್ತಾರೆ? ‘ಇವಳು ಬೇಗ ಪುಳಿಯೋಗರೆ ತಿಂದು ಮುಗಿಸಲಿಲ್ಲ.’ ನೀವೆಲ್ಲ ನಗುತ್ತೀರಿ. ನಿಮ್ಮಮ್ಮನೂ ನಗುತ್ತಾಳೆ, ಗ್ರೂಪಲ್ಲೇ ಹೇಳುತ್ತೇನೆ, ಕೇಳಲಿ. ಬೆಳಿಗ್ಗೆ ಐದಕ್ಕೆ ಎದ್ದು ಕಲಸಿದವಳು ನಾನು. ತಪ್ಪು ಯಾರದ್ದು? ಸಮುದ್ರದ ಏರಿಳಿತದ ಪಟ್ಟಿಯಲ್ಲಿ ಇಳಿತ ಹನ್ನೆರಡಕ್ಕೆ ಅಂತ ಸರಿಯಾಗಿಯೇ ಇತ್ತು, ಬೇಸಿಗೆಯಲ್ಲಿ ಬ್ರಿಟನ್ನಿನ ಗಡಿಯಾರ ಮುಂದಿಡುವ ಒಂದು ಗಂಟೆಯನ್ನು ಪಟ್ಟಿ ಮಾಡಿದವರೇ ಸೇರಿಸಿದ್ದರು. ಈ ಮಹಾನುಭಾವರು ಮೇಲೆ ಇನ್ನೊಂದು ಗಂಟೆ ಸೇರಿಸಿ ಒಂದಕ್ಕೆ ಅಂದುಕೊಂಡರು!

ಅಯ್ಯೋ, ಹೇಳಬೇಕಾದ್ದೇ ಅದು, ಮರೆತೇ ಬಿಟ್ಟಿದ್ದೆ. ಪಟ್ಟಿ ನೋಡುವಾಗ ಅದು ಜಿಎಂಟಿಯೋ (ಅಲ್ಲಿನ ಮಾಮೂಲಿ ಗಂಟೆ) ಬಿಎಸ್‌ಟಿಯೋ (ಒಂದು ಗಂಟೆ ಮುಂದಿಟ್ಟ ಬೇಸಿಗೆ ಗಂಟೆ) ಮೊದಲು ಓದು. ಜಿಎಂಟಿ ಇದ್ದರೆ ಮಾತ್ರ ಬೇಸಿಗೆಯಲ್ಲಿ ಒಂದು ಗಂಟೆ ಸೇರಿಸು. ಶನಿವಾರದ ಹೊತ್ತು ಭಾನುವಾರಕ್ಕೆ ಬರುವುದಿಲ್ಲ, ದಿನಕ್ಕೆ ಸರಾಸರಿ ಮುಕ್ಕಾಲು ಗಂಟೆಗಿಂತ ಜಾಸ್ತಿ ತಡವಾಗುತ್ತದೆ. ನೀರು ಇನ್ನೂ ಇಳಿಯುತ್ತಿರುವಾಗಲೇ ದಾಟಿ, ಏರಲು ಶುರುವಾಗುವ ಮೊದಲೇ ಈಚೆ ದಡಕ್ಕೆ ಬನ್ನಿ. ಸಿಕ್ಕಿಹಾಕಿಕೊಂಡರೆ ನೀರಿಗೆ ಇಳಿಯಬೇಡಿ, 999ಕ್ಕೆ ಫೋನು ಮಾಡಿ ಕೋಸ್ಟ್‌ಗಾರ್ಡ್ ಬೇಕು ಅನ್ನಿ. ಅಮ್ಮನಿಗೆ ಚಪ್ಪಲಿ ಬೇಡ, ಶೂ ಹಾಕಿಸು. ಆ ಪುಳಿಯೋಗರೆ ಡಬ್ಬಿ ನಿಮ್ಮನೆಯಲ್ಲೇ ಇದೆ ಅಲ್ವಾ, ನೀಲಿ ಮುಚ್ಚಳದ್ದು? ಬರುವಾಗ ತಂದುಕೊಡು.